ಕಾರೈಕುಡಿಯಲ್ಲಿ ಹಳೆ ಸಾಮಾನು ಕೊಳ್ಳುವುದು ಹೇಗೆ? ಅಳತೆ ಟೇಪಿನಿಂದ ಲಾರಿ ಪಾರ್ಸೆಲ್‌ವರೆಗೆ

ನಮ್ಮ ಮನೆಗೆ ಬಂದವರು ಅಡುಗೆಮನೆ ಕಪಾಟಿನ ಮೇಲಿರುವ ನೀಲಿ ಎನಾಮಲ್ ಟಿಫಿನ್ ಕ್ಯಾರಿಯರ್ ನೋಡಿ ಕೇಳುವ ಪ್ರಶ್ನೆ ಒಂದೇ. ಎಲ್ಲಿ ಸಿಕ್ತು? ಕಾರೈಕುಡಿ ಅಂದ ತಕ್ಷಣ ಪ್ರಶ್ನೆಗಳ ಸಾಲೇ ಬರುತ್ತದೆ. ಅಲ್ಲಿ ಯಾವ ಬೀದಿ, ಭಾಷೆ ಬರದಿದ್ದರೆ ನಡೆಯುತ್ತಾ, ಹೊಸದನ್ನೇ ಹಳೆಯದು ಅಂತ ಕೊಟ್ಟರೆ ಗೊತ್ತಾಗೋದು ಹೇಗೆ, ದೊಡ್ಡ ಬಾಗಿಲು ತಂದರೆ ಬೆಂಗಳೂರಿಗೆ ಸಾಗಿಸೋದು ಹೇಗೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಹೇಳಿ, ಈಗ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲು ಊರಿನ ಬಗ್ಗೆ ಸ್ವಲ್ಪ. ಕಾರೈಕುಡಿ ತಮಿಳುನಾಡಿನ ಶಿವಗಂಗಾ ಜಿಲ್ಲೆಯ ಪಟ್ಟಣ. ಚೆಟ್ಟಿನಾಡು ಅಂತ ಕರೆಯುವ ಎಪ್ಪತ್ತಕ್ಕೂ ಹೆಚ್ಚು ಊರುಗಳ ನಡುವೆ ಇದೇ ದೊಡ್ಡ ಊರು. ಇಲ್ಲಿನ ನಾಟ್ಟುಕೋಟ್ಟೈ ಚೆಟ್ಟಿಯಾರರು ಬರ್ಮಾ, ಸಿಲೋನ್, ಮಲಯಾಗಳಲ್ಲಿ ಲೇವಾದೇವಿ ಮತ್ತು ವ್ಯಾಪಾರ ಮಾಡಿ, ಗಳಿಸಿದ್ದನ್ನು ಊರಿಗೆ ತಂದು ಅರಮನೆಯಂಥ ಮನೆಗಳನ್ನು ಕಟ್ಟಿಸಿದರು. ಬರ್ಮಾದ ತೇಗ, ಇಟಲಿಯ ಅಮೃತಶಿಲೆ, ಬೆಲ್ಜಿಯಂ ಕನ್ನಡಿ, ಸ್ವೀಡನ್ನಿನ ಎನಾಮಲ್ ಪಾತ್ರೆ, ಎಲ್ಲ ಹಡಗಿನಲ್ಲಿ ಬಂದವು. 1942ರಲ್ಲಿ ಜಪಾನ್ ಸೇನೆ ಬರ್ಮಾಕ್ಕೆ ನುಗ್ಗಿದಾಗ ಅಲ್ಲಿನ ವ್ಯವಹಾರಕ್ಕೆ ದೊಡ್ಡ ಪೆಟ್ಟು ಬಿತ್ತು. ಆಮೇಲೆ ಆಸ್ತಿಯೂ ಕೈಬಿಟ್ಟು ಹೋಯಿತು, ಮಕ್ಕಳು ಮೊಮ್ಮಕ್ಕಳು ಚೆನ್ನೈ, ಸಿಂಗಪುರ ಅಂತ ಚದುರಿದರು. ಒಂದೊಂದು ಮನೆಗೆ ಹತ್ತಾರು ಪಾಲುದಾರರು. ನೋಡಿಕೊಳ್ಳಲು ಆಗದೆ ಕೆಲವು ಮನೆ ಬಿಚ್ಚಿ ಮಾರಿದರು, ಇನ್ನು ಕೆಲವರು ಒಳಗಿನ ಸಾಮಾನು ಮಾತ್ರ ಮಾರಿದರು. ಆ ಸಾಮಾನು ಬಂದು ಸೇರುವ ಜಾಗವೇ ಮುನೀಶ್ವರನ್ ಕೋವಿಲ್ ಬೀದಿಯ ಅಂಗಡಿಗಳು.

ಇದನ್ನು ಯಾಕೆ ಮೊದಲೇ ಹೇಳಿದೆ ಅಂದರೆ, ಅಲ್ಲಿ ನೀವು ಕೈಗೆತ್ತಿಕೊಳ್ಳುವ ಪ್ರತಿ ವಸ್ತುವೂ ಯಾರದೋ ಮನೆಯದ್ದು. ಮಗಳ ಮದುವೆಗೆ ಕೊಟ್ಟ ಪಾತ್ರೆಯ ಮೇಲೆ ಕೊರೆಸಿದ ತಮಿಳು ಹೆಸರು ಇನ್ನೂ ಹಾಗೇ ಇರುತ್ತದೆ. ಹಾಗಾಗಿ ಸುಮ್ನೆ ಶೋಕೇಸ್ ತುಂಬಿಸಲು ಹೋಗಬೇಡಿ. ಬಳಸುವುದನ್ನು, ನೋಡಿಕೊಳ್ಳಲು ಆಗುವುದನ್ನು ಮಾತ್ರ ತನ್ನಿ. ಉಳಿದ ಸಲಹೆಗಳೆಲ್ಲ ಈ ಒಂದು ಮಾತಿನಿಂದಲೇ ಹುಟ್ಟಿದವು.

ಕೆಲವು ಪದ ತಿಳಿದಿರಲಿ. ಆಂಟಿಕ್ ಅಂದರೆ ಸಾಮಾನ್ಯವಾಗಿ 100 ವರ್ಷ ದಾಟಿದ್ದು. ವಿಂಟೇಜ್ ಅಂದರೆ ಅಷ್ಟು ಹಳೆಯದಲ್ಲ, ಆದರೆ ಒಂದು ಕಾಲದ ಗುರುತು ಇರುವಂಥದ್ದು, ನಮ್ಮ ಅಜ್ಜಿಯ ಕಾಲದ ಸ್ಟೂಲು, ರೇಡಿಯೋ ಥರ. ಶ್ಯಾಬಿ ಚಿಕ್ ಅಂದರೆ ಬಣ್ಣ ಸುಲಿದ, ಅಂಚು ಸವೆದ ಪೀಠೋಪಕರಣವನ್ನು ಹಾಗೇ ಚೆಂದವಾಗಿ ಇಡುವ ರೀತಿ. ಈ ಹೆಸರು ಜನಪ್ರಿಯವಾದದ್ದು 1989ರಲ್ಲಿ ರೇಚಲ್ ಆಶ್‌ವೆಲ್ ಅಮೆರಿಕದ ಸಾಂಟಾ ಮೋನಿಕಾದಲ್ಲಿ ಅದೇ ಹೆಸರಿನ ಅಂಗಡಿ ತೆರೆದ ಮೇಲೆ. ಅಲ್ಲಿ ಹೊಸ ಮೇಜಿಗೆ ಬಿಳಿ ಬಣ್ಣ ಬಳಿದು ಉಜ್ಜಿ ಹಳೆಯದಾಗಿ ಕಾಣಿಸುವುದೂ ಇದೆ. ಕಾರೈಕುಡಿಯಲ್ಲಿ ಅದರ ಅಗತ್ಯ ಇಲ್ಲ. ನಿಜವಾಗಿ ಐವತ್ತು ಅರವತ್ತು ವರ್ಷ ಬಿಸಿಲು ಮಳೆ ಕಂಡ ಹಸಿರು, ನೀಲಿ ಬಣ್ಣದ ಕಿಟಕಿ ಬಾಗಿಲು ಗೋಡೆಗೆ ಒರಗಿಸಿಟ್ಟಿರುತ್ತಾರೆ.

1. ಹೊರಡುವ ಮುಂಚೆ ಮನೆ ಅಳೆಯಿರಿ

ಇದು ಎಲ್ಲರೂ ಬಿಡುವ ಕೆಲಸ. ಚೆಟ್ಟಿನಾಡಿನ ಮನೆಗಳ ಚಾವಣಿ ತುಂಬಾ ಎತ್ತರ, ಅಲ್ಲಿ ಸಣ್ಣದಾಗಿ ಕಾಣುವ ಕಪಾಟು ನಮ್ಮ ಫ್ಲ್ಯಾಟಿನ ಹಾಲಿಗೆ ಬಂದರೆ ಆನೆ ಬಂದು ನಿಂತ ಹಾಗೆ ಇರುತ್ತದೆ. ವಸ್ತು ಇಡುವ ಜಾಗದ ಉದ್ದ, ಅಗಲ, ಎತ್ತರ ಬರೆದುಕೊಳ್ಳಿ. ಅಷ್ಟೇ ಅಲ್ಲ, ಮನೆಯ ಮುಂಬಾಗಿಲು, ಲಿಫ್ಟ್ ಒಳಗಿನ ಅಳತೆ, ಮೆಟ್ಟಿಲು ತಿರುಗುವ ಜಾಗ ಕೂಡ. ಒಂದು ಬಾಗಿಲು ಕೊಂಡು ಅದನ್ನೇ ಊಟದ ಮೇಜು ಮಾಡುವ ಯೋಚನೆ ಇದ್ದರೆ, ಮೇಲೆ ಗಾಜು ಹಾಕಿದ ಮೇಲೆ ಒಟ್ಟು ಎತ್ತರ ಎಷ್ಟಾಗುತ್ತದೆ ಅಂತ ಈಗಲೇ ಲೆಕ್ಕ ಹಾಕಿ.

ಜೊತೆಗೆ ಒಂದು ಪಟ್ಟಿ. ಮೂರು ನಾಲ್ಕು ವಸ್ತು ಸಾಕು. ಪಟ್ಟಿ ಇಲ್ಲದೆ ಹೋದರೆ ಆ ರಾಶಿಯ ಮುಂದೆ ತಲೆ ತಿರುಗುತ್ತದೆ, ಬೇಡದ್ದೆಲ್ಲ ಬೇಕು ಅನ್ನಿಸುತ್ತದೆ.

2. ಯಾವಾಗ ಹೋಗಬೇಕು, ಏನು ಒಯ್ಯಬೇಕು

ಬೆಂಗಳೂರಿನಿಂದ ಸೇಲಂ, ನಾಮಕ್ಕಲ್, ತಿರುಚ್ಚಿ, ಪುದುಕ್ಕೋಟ್ಟೈ ಮೇಲೆ ಸುಮಾರು 430 ಕಿಲೋಮೀಟರ್. ವಿಮಾನದಲ್ಲಿ ಹೋಗುವವರು ತಿರುಚ್ಚಿ ಅಥವಾ ಮದುರೈಗೆ ಹೋಗಿ, ಅಲ್ಲಿಂದ ಕಾರು ಮಾಡಬಹುದು, ಎರಡೂ ಕಡೆಯಿಂದ ಸುಮಾರು 90 ಕಿಲೋಮೀಟರ್. ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಆ ಬಿಸಿಲಲ್ಲಿ, ಶೀಟಿನ ಸೂರಿನ ಕೆಳಗೆ ನಿಂತು ಮರ ಪರೀಕ್ಷೆ ಮಾಡಲು ತಾಳ್ಮೆ ಉಳಿಯುವುದಿಲ್ಲ. ಜನವರಿ ಮಧ್ಯದ ಪೊಂಗಲ್ ದಿನಗಳನ್ನು ಬಿಡಿ. ಭಾನುವಾರವನ್ನೂ ನೆಚ್ಚಿಕೊಳ್ಳಬೇಡಿ. ಎರಡು ದಿನ ಇಟ್ಟುಕೊಳ್ಳಿ, ಒಂದೇ ದಿನದಲ್ಲಿ ಓಡಿ ಬರುವ ಊರಲ್ಲ.

ಬ್ಯಾಗಿನಲ್ಲಿ ಇವು ಇರಲಿ: ಅಳತೆ ಟೇಪು, ಟಾರ್ಚು, ಒಂದು ಸಣ್ಣ ಅಯಸ್ಕಾಂತ, ಭೂತಗನ್ನಡಿ, ದಪ್ಪ ಸೂಜಿ ಅಥವಾ ದಬ್ಬಳ, ಹಳೇ ಬಟ್ಟೆ ಎರಡು, ಒಂದು ಬಾಟಲಿ ನೀರು, ಮಾಸ್ಕು. ಧೂಳು ಅಂದರೆ ಧೂಳು, ಅಲರ್ಜಿ ಇರುವವರು ಮಾಸ್ಕ್ ಮರೆಯಲೇಬಾರದು. ಒಳ್ಳೆ ಬಟ್ಟೆ ಹಾಕಿಕೊಂಡು ಹೋಗಬೇಡಿ. ಯುಪಿಐ ನಡೆಯುತ್ತದೆ, ಆದರೂ ಕೈಯಲ್ಲಿ ಸ್ವಲ್ಪ ನಗದು ಇದ್ದರೆ ಒಳ್ಳೆಯದು.

ಭಾಷೆಯ ಚಿಂತೆ ಬೇಡ. ಮೂರು ಮಾತು ಬಂದರೆ ಸಾಕು. "ಎವ್ವಳವು?" ಅಂದರೆ ಎಷ್ಟು. "ಪಳಸಾ, ಪುದುಸಾ?" ಅಂದರೆ ಹಳೆಯದಾ, ಹೊಸದಾ. "ಕೊಂಜಂ ಕೊರೆಯುಂಗೊ" ಅಂದರೆ ಸ್ವಲ್ಪ ಕಡಿಮೆ ಮಾಡಿ. ಎರಡನೆಯ ಪ್ರಶ್ನೆ ಮುಖ್ಯ. ನೇರವಾಗಿ ಕೇಳಿದರೆ ಬಹಳ ಅಂಗಡಿಯವರು ನೇರವಾಗಿಯೇ ಹೇಳುತ್ತಾರೆ, ಇದು ಹಳೆಯದು, ಅದು ಹೊಸ ಮಾಲು ಅಂತ. ನಾವು ಕೇಳದೆ ನಾವೇ ಹಳೆಯದು ಅಂದುಕೊಂಡು ಕೊಂಡು, ಆಮೇಲೆ ಅವರನ್ನು ದೂರುವುದೇ ಜಾಸ್ತಿ.

3. ಮೊದಲ ಸುತ್ತಿನಲ್ಲಿ ದುಡ್ಡು ತೆಗೆಯಬೇಡಿ

ಬೆಳಿಗ್ಗೆ ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮ್ನೆ ನಡೆದು ನೋಡಿ. ಫೋಟೋ ತೆಗೆಯುವ ಮುಂಚೆ ಕೇಳಿ. ಹೊರಗಡೆಯಿಂದ ಅಂಗಡಿ ಸಣ್ಣದಾಗಿ ಕಂಡರೂ ಹಿಂದೆ ಇನ್ನೊಂದು ಕೋಣೆ, ಅದರ ಹಿಂದೆ ಇನ್ನೊಂದು ಗೋದಾಮು ಇರುವುದುಂಟು, "ಒಳಗೆ ಇನ್ನೂ ಇದೆಯಾ" ಅಂತ ಕೇಳಿ. ಒಂದೇ ಥರದ ವಸ್ತು ನಾಲ್ಕು ಅಂಗಡಿಯಲ್ಲಿ ಒಂದೇ ಅಳತೆ, ಒಂದೇ ಕೆತ್ತನೆ, ಒಂದೇ ಕಲೆಯೊಂದಿಗೆ ಕಂಡರೆ ಅದು ಈಗ ತಯಾರಾಗಿ ಬಂದ ಮಾಲು. ಹಳೆಯ ವಸ್ತುಗಳು ಒಂದರಂತೆ ಇನ್ನೊಂದು ಇರುವುದಿಲ್ಲ.

ಹೊಸದು ಕೊಳ್ಳುವುದು ತಪ್ಪೇನಲ್ಲ. ಹೊಸದರ ಬೆಲೆ ಕೊಟ್ಟು ಹೊಸದು ಅಂತ ಗೊತ್ತಿದ್ದೇ ಕೊಳ್ಳಿ, ಅಷ್ಟೇ.

4. ವಸ್ತುವನ್ನು ಪರೀಕ್ಷೆ ಮಾಡುವುದು

ಇಲ್ಲಿ ನಿಧಾನ ಮಾಡಿ. ಎಷ್ಟು ಹೊತ್ತು ಬೇಕಾದರೂ ತೆಗೆದುಕೊಳ್ಳಿ.

ಮರ. ಮೊದಲು ತಲೆಕೆಳಗು ಮಾಡಿ ನೋಡಿ. ಮುಂಭಾಗಕ್ಕೆ ಪಾಲಿಶ್ ಹಾಕಬಹುದು, ಅಡಿಭಾಗಕ್ಕೆ ಯಾರೂ ಹಾಕುವುದಿಲ್ಲ. ಹಳೆ ಕುರ್ಚಿಯ ಅಡಿ ಒಣಗಿ ಕಂದು ಬೂದು ಬಣ್ಣಕ್ಕೆ ತಿರುಗಿರುತ್ತದೆ, ಕೈಯಿಂದ ಹತ್ತರಿ ಹೊಡೆದ ಏರಿಳಿತ ಬೆರಳಿಗೆ ಸಿಗುತ್ತದೆ. ಸವೆತ ಎಲ್ಲಿದೆ ನೋಡಿ. ಕೈ ಇಡುವ ಕಡೆ, ಕಾಲು ಒತ್ತುವ ಅಡ್ಡಪಟ್ಟಿಯಲ್ಲಿ, ಡ್ರಾಯರ್ ಜಾರುವ ಅಂಚಿನಲ್ಲಿ ಸವೆದಿರಬೇಕು. ಯಾರ ಕೈಯೂ ತಾಗದ ಮೂಲೆಯಲ್ಲೂ ಒಂದೇ ಸಮ ಸವೆದಿದ್ದರೆ ಅದು ಮರಳು ಕಾಗದದ ಕೆಲಸ. ಕೂಡುವ ಜಾಗದಲ್ಲಿ ಮರದ ಬೆಣೆ ಇದ್ದರೆ ಒಳ್ಳೆಯ ಗುರುತು. ತಲೆಯಲ್ಲಿ ಕೂಡಿಸುವ ಚಿಹ್ನೆ ಇರುವ ಸ್ಕ್ರೂ ಕಂಡರೆ, ಅಂಥದ್ದು ಅಮೆರಿಕದಲ್ಲಿ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ, ನಮ್ಮಲ್ಲಿಗೆ ಇನ್ನೂ ತಡವಾಗಿ. ಹಾಗಂತ ಆ ಪೀಠೋಪಕರಣವೇ ಹೊಸದು ಅಂತಲ್ಲ, ರಿಪೇರಿ ಆಗಿರಬಹುದು. ಆದರೆ ಹಿಂಬದಿಯ ಹಲಗೆ ಪ್ಲೈವುಡ್ ಆಗಿದ್ದು, ಎಲ್ಲ ಸ್ಕ್ರೂಗಳೂ ಅದೇ ಥರ ಇದ್ದರೆ 150 ವರ್ಷದ ಕಥೆ ನಂಬಬೇಡಿ.

ಇನ್ನು ಕುಟ್ಟೆ ಹುಳು. ನಾನು ಮೊದಲ ಸಲ ಹೋದಾಗ ಒಂದು ಬೆಂಚು ತಂದೆ. ಹತ್ತು ದಿನ ಆದ ಮೇಲೆ ಬೆಳಿಗ್ಗೆ ಕಸ ಗುಡಿಸುವಾಗ ಬೆಂಚಿನ ಒಂದು ಕಾಲಿನ ಬುಡದಲ್ಲಿ ರವೆಗಿಂತ ನುಣ್ಣಗಿನ, ಮೈದಾ ಹಿಟ್ಟಿನಂಥ ಪುಡಿ ಸಣ್ಣ ಗುಡ್ಡೆಯಾಗಿ ಬಿದ್ದಿತ್ತು. ಒರೆಸಿದೆ. ಮರುದಿನ ಮತ್ತೆ ಅಷ್ಟೇ ಪುಡಿ, ಅದೇ ಜಾಗದಲ್ಲಿ. ಟಾರ್ಚು ಹಿಡಿದು ನೋಡಿದರೆ ಗುಂಡುಸೂಜಿ ತಲೆಯಷ್ಟು ದೊಡ್ಡ ಹನ್ನೊಂದು ತೂತು. ಅಂಗಡಿಯಲ್ಲಿ ಆ ತೂತುಗಳಿಗೆ ಮೇಣ ತುಂಬಿ ಮೇಲೆ ಪಾಲಿಶ್ ಹೊಡೆದಿದ್ದರು. ಅವತ್ತಿನಿಂದ ನಾನು ಏನು ಮಾಡುತ್ತೇನೆ ಅಂದರೆ, ವಸ್ತುವನ್ನು ಅದು ನಿಂತ ಜಾಗದಿಂದ ಎತ್ತಿಸಿ, ನೆಲಕ್ಕೆ ಎರಡು ಸಲ ಮೆಲ್ಲಗೆ ಕುಟ್ಟಿಸಿ, ಪುಡಿ ಉದುರುತ್ತಾ ನೋಡುತ್ತೇನೆ. ತೂತಿನ ಅಂಚು ಕಪ್ಪಾಗಿದ್ದರೆ ಹಳೆಯ ತೂತು, ಹುಳು ಹೋಗಿದೆ. ಅಂಚು ಬೆಳ್ಳಗೆ, ಪುಡಿ ತಿಳಿಬಣ್ಣದ್ದಾಗಿದ್ದರೆ ಹುಳು ಇನ್ನೂ ಒಳಗಿದೆ. ತೇಗದ ಚೇಗು, ಅಂದರೆ ಮರದ ಒಳಗಿನ ಗಟ್ಟಿ ಭಾಗ, ಈ ಹುಳುವಿಗೆ ಬೇಡ. ಅದು ತಿನ್ನುವುದು ಹೊರಗಿನ ಬಿಳಿ ಭಾಗವನ್ನು ಮತ್ತು ಅಗ್ಗದ ಮರಗಳನ್ನು. ದಬ್ಬಳವನ್ನು ಕಾಲಿನ ತುದಿಗೆ ಒತ್ತಿ ನೋಡಿ (ಕೇಳಿ ಒತ್ತಿ), ಬೆಣ್ಣೆಗೆ ಇಳಿದ ಹಾಗೆ ಇಳಿದರೆ ಕೈಬಿಡಿ. ಗೆದ್ದಲು ತಿಂದಿದ್ದರೆ ಬೆರಳಿನಿಂದ ತಟ್ಟಿದಾಗ ಟೊಳ್ಳು ಸದ್ದು ಬರುತ್ತದೆ.

ಬಾಗಿಲು, ಕಿಟಕಿ, ಕಂಬ ಕೊಳ್ಳುವವರು ಇನ್ನೊಂದು ಕೇಳಿಕೊಳ್ಳಿ: ಇದು ಯಾವ ಮರ? ಇಲ್ಲಿ ಸಿಕ್ಕಿದ್ದೆಲ್ಲ ಬರ್ಮಾ ತೇಗ ಅಲ್ಲ. ಹಲಸು, ಬೇವು, ಬೀಟೆ ಎಲ್ಲವೂ ಇವೆ. ಕಾಣದ ಒಂದು ಮೂಲೆ ಸ್ವಲ್ಪ ಕೆರೆದು ಮೂಸಿ ನೋಡಿ, ತೇಗಕ್ಕೆ ಹಳೆ ಚರ್ಮದ ಹಾಗೆ ಒಂದು ಎಣ್ಣೆ ವಾಸನೆ ಇರುತ್ತದೆ. ಒಮ್ಮೆ ಮೂಸಿದರೆ ಮರೆಯುವುದಿಲ್ಲ.

ಹಿತ್ತಾಳೆ. ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಒಳಗೆ ಕಬ್ಬಿಣ, ಮೇಲೆ ಲೇಪ ಮಾತ್ರ. ಅಂಟದಿದ್ದರೆ ಹಿತ್ತಾಳೆ, ಕಂಚು, ತಾಮ್ರ ಯಾವುದೂ ಆಗಬಹುದು. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು, ಕಂಚು ಅಂದರೆ ತಾಮ್ರ ಮತ್ತು ತವರ. ಕಂಚಿಗೆ ಬೆರಳಿನ ಗೆಣ್ಣಿನಿಂದ ತಟ್ಟಿದರೆ ಗಂಟೆಯ ಹಾಗೆ ಬಹಳ ಹೊತ್ತು ಸದ್ದು ಉಳಿಯುತ್ತದೆ. ಹೊಸ ಹಿತ್ತಾಳೆಗೆ ಆಸಿಡ್ ಹಚ್ಚಿ ಕಪ್ಪು ಮಾಡಿ ಹಳೆಯದು ಅನ್ನಿಸುವುದು ಸಾಮಾನ್ಯ. ಒದ್ದೆ ಬಟ್ಟೆಯಿಂದ ಗಟ್ಟಿಯಾಗಿ ಉಜ್ಜಿ. ಕಪ್ಪು ಬಟ್ಟೆಗೆ ಹತ್ತಿ ಕೆಳಗೆ ಹೊಳಪು ಕಂಡರೆ ಅದು ಮೊನ್ನೆ ಮೊನ್ನೆಯದು. ನಿಜವಾದ ಹಳೆಯ ಪಾತ್ರೆಯಲ್ಲಿ ಕಿವಿ ಹಿಡಿಯುವ ಜಾಗ, ತಳ ನೆಲಕ್ಕೆ ತಾಗುವ ಅಂಚು ನುಣುಪಾಗಿರುತ್ತದೆ.

ಇಲ್ಲಿ ನನಗೆ ತುಂಬಾ ಇಷ್ಟವಾದದ್ದು ಅಕ್ಕಿ ಅಳೆಯುವ ಪಡಿ, ನಮ್ಮ ಸೇರು ಪಾವಿನ ಥರ. ಅದರ ಬಾಯಿಯ ಅಂಚಿನಲ್ಲಿ ಸರಕಾರದ ಅಳತೆ ಇಲಾಖೆಯವರು ಒತ್ತಿದ ಮುದ್ರೆಗಳು ಸಾಲಾಗಿ ಇರುತ್ತವೆ. ಪೆನ್ನು ಇಡಲು, ಗಿಡ ಇಡಲು ಚೆನ್ನಾಗಿದೆ, ಸಣ್ಣದು, ಕೈಯಲ್ಲೇ ತರಬಹುದು. ಮೊದಲ ಸಲ ಹೋಗುವವರಿಗೆ ಇಂಥದ್ದೇ ಸರಿ.

ಎನಾಮಲ್. ಇದು ಕಬ್ಬಿಣದ ತಗಡಿನ ಮೇಲೆ ಗಾಜಿನ ಪುಡಿಯನ್ನು ಸುಟ್ಟು ಹಿಡಿಸಿದ ಪಾತ್ರೆ, ನಾವು ಪಿಂಗಾಣಿ ತಟ್ಟೆ ಅನ್ನುತ್ತೇವಲ್ಲ, ಆ ಥರದ್ದು. ತಿರುಗಿಸಿ ತಳ ನೋಡಿ. ಸ್ವೀಡನ್ನಿನ ಕೋಕುಮ್ಸ್ ಕಂಪನಿಯ ಮುದ್ರೆ ಇಲ್ಲಿ ಬಹಳ ಸಿಗುತ್ತದೆ. ಜಪಾನ್, ಜೆಕೊಸ್ಲೊವಾಕಿಯಾದ್ದೂ ಇರುತ್ತದೆ. ಜೆಕೊಸ್ಲೊವಾಕಿಯಾ ಅಂತ ಬರೆದಿದ್ದರೆ ಅದು 1918ರಿಂದ 1992ರ ಒಳಗಿನದು, ಏಕೆಂದರೆ ಆ ದೇಶ ಇದ್ದದ್ದೇ ಅಷ್ಟು ಕಾಲ. ಮುದ್ರೆ ಬಣ್ಣದ ಮೇಲ್ಪದರದಲ್ಲಿದೆಯಾ, ಒಳಗೆ ಸುಟ್ಟು ಕೂತಿದೆಯಾ ಅಂತ ಉಗುರಿನಿಂದ ಕೆರೆದು ನೋಡಿ. ಅಂಚಿನಲ್ಲಿ ಚಕ್ಕೆ ಎದ್ದಿರುವುದು ಸಹಜ. ಆದರೆ ಒಳಭಾಗದಲ್ಲಿ ಚಕ್ಕೆ ಎದ್ದು ತುಕ್ಕು ಹಿಡಿದಿದ್ದರೆ ತೂತು ಬೀಳುವ ದಿನ ದೂರ ಇಲ್ಲ. ಕ್ಯಾರಿಯರ್ ಆದರೆ ಎಲ್ಲ ಡಬ್ಬಗಳನ್ನೂ ಬಿಚ್ಚಿ ಮತ್ತೆ ಜೋಡಿಸಿ ನೋಡಿ, ಬೇರೆ ಬೇರೆ ಸೆಟ್ಟಿನದ್ದು ಸೇರಿಸಿರುತ್ತಾರೆ.

ಒಂದು ಎಚ್ಚರಿಕೆ. ಹಳೆಯ ಎನಾಮಲ್ ಪಾತ್ರೆಯಲ್ಲಿ ಅಡುಗೆ ಮಾಡಬೇಡಿ, ಹುಳಿ ಪದಾರ್ಥ ಇಡಬೇಡಿ. ಆ ಕಾಲದ ಬಣ್ಣಗಳಲ್ಲಿ, ಅದರಲ್ಲೂ ಕೆಂಪು ಹಳದಿಯಲ್ಲಿ, ಸೀಸ ಮತ್ತು ಕ್ಯಾಡ್ಮಿಯಂ ಇರಬಹುದು. ಹಾಗೆಯೇ ಕಲಾಯಿ, ಅಂದರೆ ಒಳಗಿನ ತವರದ ಲೇಪ, ಹೋಗಿರುವ ಹಿತ್ತಾಳೆ ಪಾತ್ರೆಯಲ್ಲೂ. ಅಡುಗೆಗೆ ಬೇಕೇ ಬೇಕು ಅಂದರೆ ಹೊಸದಾಗಿ ಕಲಾಯಿ ಹಾಕಿಸಿ. ತಳಕ್ಕೆ ಬೆಸುಗೆ ಹಾಕಿದ ಗುರುತಿದ್ದರೆ ಕಲಾಯಿ ಹಾಕಿಸಿದರೂ ಬೇಡ, ಆ ಬೆಸುಗೆಯಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ.

ಚಿತ್ರಪಟ. ರಾಜಾ ರವಿವರ್ಮ ಮುಂಬೈಯಲ್ಲಿ 1894ರಲ್ಲಿ ಮುದ್ರಣಾಲಯ ಶುರು ಮಾಡಿದ ಮೇಲೆ ದೇವರ ಚಿತ್ರಗಳು ಮನೆಮನೆ ತಲುಪಿದವು. ಚೆಟ್ಟಿನಾಡಿನ ಮನೆಗಳಲ್ಲಿ ಹೆಂಗಸರು ಆ ಲಕ್ಷ್ಮಿ ಸರಸ್ವತಿಯರಿಗೆ ಜರಿ ಸೀರೆ ಅಂಟಿಸಿ, ಮಣಿ ಹೊಲಿದು ಅಲಂಕಾರ ಮಾಡುತ್ತಿದ್ದರು. ಅಂಥದ್ದು ಒಂದು ಸಿಕ್ಕರೆ ಕಣ್ಣಿಗೆ ಹಬ್ಬ. ಆದರೆ ನಕಲು ಬೇಕಾದಷ್ಟಿದೆ. ಭೂತಗನ್ನಡಿ ಇದಕ್ಕೇ ತಂದದ್ದು. ಮುಖದ ಭಾಗವನ್ನು ಹತ್ತಿರದಿಂದ ನೋಡಿ. ಇವತ್ತಿನ ಆಫ್‌ಸೆಟ್ ಮುದ್ರಣದಲ್ಲಿ ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕಿಗಳು ಸಾಲು ಹಿಡಿದು ಹೂವಿನ ಹಾಗೆ ಕೂತಿರುತ್ತವೆ. ಹಳೆಯ ಕಲ್ಲಚ್ಚಿನಲ್ಲಿ, ಅಂದರೆ ಕಲ್ಲಿನ ಮೇಲೆ ಚಿತ್ರ ಬರೆದು ಒತ್ತುವ ಆ ಕಾಲದ ಮುದ್ರಣದಲ್ಲಿ, ಆ ಸಾಲು ಇಲ್ಲ, ಮರಳಿನ ಕಣಗಳ ಹಾಗೆ ಅಡ್ಡಾದಿಡ್ಡಿ ಇರುತ್ತದೆ. ಚೌಕಟ್ಟು ಹಳೆಯದಾಗಿದ್ದರೆ ಒಳಗಿನ ಚಿತ್ರವೂ ಹಳೆಯದು ಅಂದುಕೊಳ್ಳಬೇಡಿ. ಹಿಂದೆ ತಿರುಗಿಸಿ ಮೊಳೆ ನೋಡಿ, ಮೊಳೆ ಹೊಳೆಯುತ್ತಿದ್ದರೆ ಯಾರೋ ಇತ್ತೀಚೆಗೆ ಬಿಚ್ಚಿದ್ದಾರೆ.

ಕನ್ನಡಿ. ಹಳೆ ಕನ್ನಡಿ ಯಾವುದು ಕಂಡರೂ ಬೆಲ್ಜಿಯಂ ಅನ್ನುವ ರೂಢಿ ಇದೆ. ಅಂಚಿನಲ್ಲಿ ಕಪ್ಪು ಚುಕ್ಕಿ ಹರಡಿದ್ದು, ಓರೆಯಾಗಿ ಉಜ್ಜಿದ ಅಂಚು ಎಲ್ಲ ಕಡೆ ಒಂದೇ ಅಗಲ ಇಲ್ಲದಿದ್ದರೆ ವಯಸ್ಸಾಗಿದೆ ಅಂತ ತಿಳಿಯಬಹುದು. ಯಾವ ದೇಶದ್ದು ಅಂತ ಹೇಳಲು ಆಗುವುದಿಲ್ಲ, ಆ ಹೆಸರಿಗಾಗಿ ಜಾಸ್ತಿ ಕೊಡಬೇಡಿ.

ಅಳಗುಳಿಮಣೆ, ಮರದ ಉಪ್ಪಿನ ಡಬ್ಬ, ಸೇವಿಗೆ ಒತ್ತು, ಉಪ್ಪಿನಕಾಯಿ ಜಾಡಿ ಇವೆಲ್ಲ ನಮ್ಮ ಕಡೆಯ ಮನೆಗಳಲ್ಲೂ ಇದ್ದವೇ. ಮರಪ್ಪಾಚ್ಚಿ ಅಂತ ಅಲ್ಲಿ ಕರೆಯುವ ಗಂಡು ಹೆಣ್ಣು ಮರದ ಜೋಡಿ ನಮ್ಮ ದಸರಾ ಪಟ್ಟದ ಗೊಂಬೆಯೇ. ಇವನ್ನು ಕೊಳ್ಳುವ ಮುಂಚೆ ಒಮ್ಮೆ ಊರಿಗೆ ಫೋನ್ ಮಾಡಿ ಅಟ್ಟದ ಮೇಲೆ ಇದೆಯಾ ಅಂತ ಅತ್ತೆಯನ್ನೋ ದೊಡ್ಡಮ್ಮನನ್ನೋ ಕೇಳಿ. ನನ್ನ ಗೆಳತಿಯೊಬ್ಬಳಿಗೆ ಹಾಗೆ ಕೇಳಿದ್ದಕ್ಕೆ ಸ್ವಂತ ಅಜ್ಜಿಯ ಅಳಗುಳಿಮಣೆಯೇ ಸಿಕ್ಕಿತು.

5. ಮುಟ್ಟಲೇಬಾರದ ವಸ್ತುಗಳು

ಇದನ್ನು ದಯವಿಟ್ಟು ಬಿಡದೆ ಓದಿ.

ಆನೆದಂತದ ಏನೇ ಇರಲಿ, ಚಿಕ್ಕ ಗುಂಡಿಯಾದರೂ, ಕೊಳ್ಳುವುದು ಅಪರಾಧ. ಗೋಡೆಗೆ ಹಾಕುವ ಜಿಂಕೆ, ಕಡವೆ ಕೊಂಬು, ಹುಲಿ ಚಿರತೆ ಚರ್ಮ ಕೂಡ ಹಾಗೇ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಬರುತ್ತವೆ. ಅಜ್ಜನ ಕಾಲದ್ದು ಅನ್ನುವ ಮಾತು ರಕ್ಷಣೆ ಕೊಡುವುದಿಲ್ಲ.

ದೇವಸ್ಥಾನದ್ದು ಅಂತ ಹೇಳುವ ಕಲ್ಲಿನ ಅಥವಾ ಪಂಚಲೋಹದ ಮೂರ್ತಿ, ರಥದ ಕೆತ್ತನೆಯ ತುಂಡು ಯಾರಾದರೂ ಗುಟ್ಟಾಗಿ ತೋರಿಸಿದರೆ ಅಲ್ಲಿಂದ ಹೊರಡಿ. ತಮಿಳುನಾಡಿನಲ್ಲಿ ಮೂರ್ತಿ ಕಳವು ಎಷ್ಟು ದೊಡ್ಡ ಸಮಸ್ಯೆ ಅಂದರೆ ಅದಕ್ಕೆಂದೇ ಪೊಲೀಸರ ಪ್ರತ್ಯೇಕ ವಿಭಾಗವನ್ನು 1983ರಲ್ಲೇ ಮಾಡಿದ್ದಾರೆ. ಕಾನೂನು ಒಂದು ಕಡೆ ಇರಲಿ. ಒಂದು ಊರಿನವರು ತಲೆತಲಾಂತರದಿಂದ ಕೈಮುಗಿದ ದೇವರು ನಮ್ಮ ಸೋಫಾ ಪಕ್ಕ ಇರಬೇಕಾದ್ದಲ್ಲ.

1972ರಲ್ಲಿ ಬಂದು 1976ರಲ್ಲಿ ಜಾರಿಯಾದ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ 100 ವರ್ಷಕ್ಕಿಂತ ಹಳೆಯ ಕಲಾವಸ್ತು, ಕುಶಲ ಕೆಲಸದ ವಸ್ತುಗಳನ್ನು ಮಾರುವ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಶಿಲ್ಪ, ಚಿತ್ರ, ಹಸ್ತಪ್ರತಿಯಂಥ ಕೆಲವು ಬಗೆಯವನ್ನು ಇಟ್ಟುಕೊಂಡವರು ಭಾರತೀಯ ಪುರಾತತ್ವ ಇಲಾಖೆಯಲ್ಲಿ ನೋಂದಾಯಿಸಬೇಕು. ಹಸ್ತಪ್ರತಿಗೆ 75 ವರ್ಷವೇ ಸಾಕು. ಹೊರದೇಶದಲ್ಲಿರುವ ಕನ್ನಡಿಗರು ಇದನ್ನು ಮುಖ್ಯವಾಗಿ ಗಮನಿಸಿ: ಇಂಥ ವಸ್ತುವನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ವಸ್ತು ಅಷ್ಟು ಹಳೆಯದಲ್ಲ ಅಂತ ಇದ್ದರೂ, ನೋಡಲು ಹಳೆಯದಾಗಿ ಕಂಡರೆ ಕಸ್ಟಮ್ಸ್‌ನವರು ನಿಲ್ಲಿಸುತ್ತಾರೆ. ಪುರಾತತ್ವ ಇಲಾಖೆಯಿಂದ ಇದು ಪ್ರಾಚ್ಯವಸ್ತು ಅಲ್ಲ ಅನ್ನುವ ಪ್ರಮಾಣಪತ್ರ ಮೊದಲೇ ಪಡೆದುಕೊಳ್ಳಿ. ರಜೆಯ ಕೊನೆಯ ದಿನ ಓಡಾಡಿದರೆ ಆಗುವ ಕೆಲಸವಲ್ಲ.

6. ಬೆಲೆ ಮಾತಾಡುವುದು

ಚೌಕಾಸಿ ಇದೆ. ಆದರೆ ಅರ್ಧಕ್ಕೆ ಕೇಳು ಅನ್ನುವ ಸೂತ್ರ ಎಲ್ಲ ಕಡೆ ನಡೆಯುವುದಿಲ್ಲ, ಅಂಗಡಿಯವರಿಗೂ ಬೇಸರವಾಗುತ್ತದೆ. ಹಿತ್ತಾಳೆ ತೂಕದ ಲೆಕ್ಕದಲ್ಲಿ ಬರುತ್ತದೆ, ಹೋಗುವ ಮುಂಚೆ ನಿಮ್ಮೂರಿನ ಪಾತ್ರೆ ಅಂಗಡಿಯಲ್ಲಿ ಕಿಲೋಗೆ ಇವತ್ತಿನ ರೇಟ್ ಎಷ್ಟು ಅಂತ ಕೇಳಿಕೊಳ್ಳಿ. ಅದಕ್ಕಿಂತ ಎಷ್ಟು ಮೇಲೆ ಕೊಡುತ್ತಿದ್ದೀರಿ ಅನ್ನುವುದು ಕೆಲಸಗಾರಿಕೆಗೆ, ಹಳೆತನಕ್ಕೆ ಕೊಡುವ ದುಡ್ಡು. ಮರದ್ದಾದರೆ ಅದೇ ಅಳತೆಯದ್ದನ್ನು ಹೊಸದಾಗಿ ತೇಗದಲ್ಲಿ ಮಾಡಿಸಲು ಬಡಗಿ ಎಷ್ಟು ಕೇಳುತ್ತಾನೆ ಅನ್ನುವುದು ಒಳ್ಳೆಯ ಅಳತೆಗೋಲು.

ಮೂರು ನಾಲ್ಕು ವಸ್ತು ಒಂದೇ ಅಂಗಡಿಯಲ್ಲಿ ಆರಿಸಿ ಒಟ್ಟು ಬೆಲೆ ಕೇಳಿದರೆ ಇಳಿಯುತ್ತದೆ. ಕುಂದು ಕಂಡರೆ ಜೋರಾಗಿ ಹೇಳದೆ ತೋರಿಸಿ, ರಿಪೇರಿಗೆ ಎಷ್ಟಾಗುತ್ತದೆ ಅಂತ ಅವರನ್ನೇ ಕೇಳಿ. ಬೆಲೆ ಒಪ್ಪಿಕೊಂಡ ಮೇಲೆ ಮತ್ತೆ ಇಳಿಸಲು ಹೋಗಬೇಡಿ. ಮತ್ತೆ ಬಿಲ್ಲು ಕೇಳಿ. ವಸ್ತುವಿನ ವಿವರ, ಹಳೆಯದಾ ಹೊಸದಾ ಅನ್ನುವುದು, ಅಳತೆ ಎಲ್ಲ ಬರೆಸಿ. ಯಾವ ಊರಿನ ಮನೆಯಿಂದ ಬಂದದ್ದು ಅಂತ ಅವರಿಗೆ ಗೊತ್ತಿದ್ದರೆ ಅದನ್ನೂ ಬರೆಸಿಕೊಳ್ಳಿ. ನಾನು ಆ ಚೀಟಿಯನ್ನು ವಸ್ತುವಿನ ಅಡಿಯಲ್ಲೇ ಅಂಟಿಸುತ್ತೇನೆ.

7. ಸಾಗಿಸುವುದು

ಸಣ್ಣದು ಕಾರಿನಲ್ಲಿ. ದೊಡ್ಡದು ಲಾರಿ ಪಾರ್ಸೆಲ್ ಸರ್ವಿಸ್‌ನಲ್ಲಿ, ಅಂಗಡಿಯವರೇ ಮಾಡಿಸಿಕೊಡುತ್ತಾರೆ. ಬಾಡಿಗೆ ಎಷ್ಟು, ನಿಮ್ಮ ಮನೆ ಬಾಗಿಲಿಗೆ ಬರುತ್ತಾ ಅಥವಾ ಟ್ರಾನ್ಸ್‌ಪೋರ್ಟ್ ಗೋದಾಮಿನಿಂದ ನೀವೇ ತರಬೇಕಾ, ಇಳಿಸುವ ಕೂಲಿ ಯಾರದು, ಇವು ಮೂರನ್ನೂ ವಸ್ತುವಿನ ಬೆಲೆ ಮಾತಾಡುವಾಗಲೇ ಕೇಳಿ. ಸಾಗಿಸುವ ಖರ್ಚು ವಸ್ತುವಿನ ಬೆಲೆಯನ್ನೇ ಮೀರುವುದುಂಟು.

ಕಟ್ಟುವಾಗ ಎದುರಿಗೆ ನಿಂತು ಕಟ್ಟಿಸಿ. ಮೊದಲು ಎಲ್ಲ ಬದಿಯಿಂದ ಫೋಟೋ. ಬಿಚ್ಚಲು ಬರುವ ಕಾಲು, ಹಿಡಿ, ಗಾಜು ಬಿಚ್ಚಿ ಬೇರೆ ಕಟ್ಟಿಸಿ, ಸ್ಕ್ರೂಗಳನ್ನು ಒಂದು ಕವರಿಗೆ ಹಾಕಿ ನಿಮ್ಮ ಬ್ಯಾಗಿನಲ್ಲೇ ಇಟ್ಟುಕೊಳ್ಳಿ. ಮೂಲೆಗಳಿಗೆ ಥರ್ಮೊಕೋಲ್, ಮೇಲೆ ಗೋಣಿ. ಕನ್ನಡಿ ಮತ್ತು ಚಿತ್ರಪಟ ಲಾರಿಯಲ್ಲಿ ಬೇಡ.

ಊರಿನಿಂದ ಹೊರಡುವ ಮುಂಚೆ ಸಮಯ ಇದ್ದರೆ ಹತ್ತಿರದ ಆತ್ತಂಗುಡಿಗೆ ಹೋಗಿ ಬನ್ನಿ. ಗಾಜಿನ ಮೇಲೆ ಬಣ್ಣ ಸುರಿದು, ಅದರ ಮೇಲೆ ಸಿಮೆಂಟು ಮರಳು ಹಾಕಿ, ನೀರಿನಲ್ಲಿ ನೆನೆಸಿ ಗಟ್ಟಿ ಮಾಡುವ ನೆಲದ ಟೈಲ್ಸ್ ಇವತ್ತಿಗೂ ಕೈಯಲ್ಲೇ ಮಾಡುತ್ತಾರೆ. ಗಾಜಿನಿಂದ ಬಿಡಿಸಿದಾಗ ಆ ನುಣುಪು ತಾನಾಗೇ ಬಂದಿರುತ್ತದೆ, ಸುಡುವುದೇ ಇಲ್ಲ. ಹಳೆ ಮನೆ ಬಿಚ್ಚಿ ತಂದದ್ದು ಬೇಡ ಅನ್ನಿಸುವವರಿಗೆ ಇದು ಒಳ್ಳೆಯ ದಾರಿ. ಹೊಸದು, ಮಾಡಿದವರ ಕೈಗೇ ದುಡ್ಡು ಸೇರುತ್ತದೆ. ತಾಳೆಗರಿಯ ಕೊಟ್ಟಾನ್ ಬುಟ್ಟಿಯೂ ಹಾಗೇ.

8. ಮನೆಗೆ ಬಂದ ಮೇಲೆ

ಮರದ ವಸ್ತುವನ್ನು ನೇರವಾಗಿ ಹಾಲಿಗೆ ತರಬೇಡಿ. ಬಾಲ್ಕನಿಯಲ್ಲಿ, ನೆರಳಲ್ಲಿ, ಕೆಳಗೆ ಕಪ್ಪು ಕಾಗದ ಹಾಸಿ ಎರಡು ವಾರ ಇಡಿ. ಪುಡಿ ಬಿದ್ದರೆ ಕಪ್ಪಿನ ಮೇಲೆ ತಕ್ಷಣ ಕಾಣುತ್ತದೆ. ಬಿದ್ದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಮರದ ಹುಳುವಿನ ಔಷಧಿಯನ್ನು ಸಿರಿಂಜಿನಿಂದ ಒಂದೊಂದು ತೂತಿಗೂ ಬಿಟ್ಟು, ಪ್ಲಾಸ್ಟಿಕ್ ಹಾಳೆಯಿಂದ ಸುತ್ತಿ ಕೆಲವು ದಿನ ಬಿಡಿ. ಕೈಗವಸು ಹಾಕಿಕೊಳ್ಳಿ, ಮಕ್ಕಳನ್ನು ದೂರ ಇಡಿ.

ಸುಲಿದ ಬಣ್ಣದ ಬಾಗಿಲು ಕಿಟಕಿ ತಂದವರು ಇದನ್ನು ಗಮನಿಸಬೇಕು. ಗೃಹ ಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಎಷ್ಟು ಬೇಕಾದರೂ ಇರಬಹುದು. ಸೀಸ ಸಣ್ಣ ಮಕ್ಕಳ ಮೆದುಳಿಗೆ ಹಾನಿ ಮಾಡುತ್ತದೆ. ಆದ್ದರಿಂದ ಒಣ ಮರಳು ಕಾಗದದಿಂದ ಉಜ್ಜಲೇಬೇಡಿ. ಏಳುತ್ತಿರುವ ಚಕ್ಕೆಗಳನ್ನು ಒದ್ದೆ ಮಾಡಿ, ಹೊರಗೆ, ಮಾಸ್ಕ್ ಹಾಕಿ ಕೆರೆದು, ಬಿದ್ದದ್ದನ್ನು ಕವರಿಗೆ ತುಂಬಿ. ಆಮೇಲೆ ಮೇಲೆ ಎರಡು ಕೋಟ್ ಬಣ್ಣವಿಲ್ಲದ ಮ್ಯಾಟ್ ವಾರ್ನಿಶ್ ಹಚ್ಚಿ ಮುಚ್ಚಿಬಿಡಿ. ನೋಟ ಹಾಗೇ ಉಳಿಯುತ್ತದೆ, ಪುಡಿ ಉದುರುವುದಿಲ್ಲ. ಮನೆಯಲ್ಲಿ ತೆವಳುವ ಮಗು ಇದ್ದರೆ ಸದ್ಯಕ್ಕೆ ಇಂಥ ಬಾಗಿಲು ತರುವುದೇ ಬೇಡ. ಇನ್ನು ನಾಲ್ಕು ವರ್ಷ ಬಿಟ್ಟು ತರಬಹುದು.

ಬಣ್ಣ ಇಲ್ಲದ ಮರಕ್ಕೆ ಹೊಳೆಯುವ ಪಾಲಿಶ್ ಬೇಡ. ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಜೇನುಮೇಣದ ಪಾಲಿಶ್ ತೆಳುವಾಗಿ ಹಚ್ಚಿ. ಅಗಸೆ ಎಣ್ಣೆ ಹಚ್ಚುವವರು ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅದು ಗಾಳಿಯ ಜೊತೆ ಸೇರಿ ಬಿಸಿಯಾಗುತ್ತಾ ಹೋಗಿ ತಾನಾಗೇ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ, ಆಮೇಲೆ ಬಿಸಾಡಿ.

ಹಿತ್ತಾಳೆಗೆ ಹುಣಸೆಹಣ್ಣು ಉಪ್ಪು ಸಾಕು, ತೊಳೆದ ತಕ್ಷಣ ಒರೆಸಿ ಬಿಸಿಲಿಗಿಡಿ. ಹೆಸರು ಕೊರೆದ ಜಾಗವನ್ನು ಗಟ್ಟಿಯಾಗಿ ತಿಕ್ಕಬೇಡಿ, ಅಕ್ಷರ ಸವೆದುಹೋಗುತ್ತದೆ. ಎನಾಮಲ್ಲಿಗೆ ಸ್ಟೀಲ್ ಜುಂಗು ಹಾಕಬೇಡಿ. ಹಳೆಯ ತೂಗುದೀಪ ತಂದಿದ್ದರೆ ಒಳಗಿನ ವೈರು, ಹೋಲ್ಡರ್ ಎಲ್ಲ ಎಲೆಕ್ಟ್ರಿಷಿಯನ್ ಹತ್ತಿರ ಹೊಸದು ಹಾಕಿಸಿದ ಮೇಲೆಯೇ ಸ್ವಿಚ್ ಒತ್ತಿ, ಮತ್ತೆ ಅದು ನೇತಾಡುವ ಕೊಂಡಿಯನ್ನು ಫಾಲ್ಸ್ ಸೀಲಿಂಗ್‌ಗೆ ಅಲ್ಲ, ಮೇಲಿನ ಕಾಂಕ್ರೀಟಿಗೇ ಕೂರಿಸಲು ಹೇಳಿ.